ಎಸ್ಟಿಮೇಟಿನಲ್ಲಿ ಬಾರದ ಲೆಕ್ಕ

ಡಿಪ್ಲೊಮಾ ಇರಲಿ, ಬಿ.ಇ. ಇರಲಿ, ಸಿವಿಲ್ ಓದುವವರೆಲ್ಲ ಒಂದಲ್ಲ ಒಂದು ಸೆಮಿಸ್ಟರಿನಲ್ಲಿ ಮಾಡಲೇಬೇಕಾದ ಲೆಕ್ಕವೊಂದಿದೆ. ಮನೆಯೊಂದರ ನಕ್ಷೆ ಕೊಟ್ಟಿರುತ್ತಾರೆ. ಪಾಯ ಅಗೆತದಿಂದ ತಾರಸಿಯವರೆಗೆ ಒಂದೊಂದಾಗಿ ಪ್ರಮಾಣ ತೆಗೆಯಬೇಕು. ಕಲ್ಲುಕಟ್ಟಡ ಎಷ್ಟು, ಇಟ್ಟಿಗೆ ಎಷ್ಟು, ಕಾಂಕ್ರೀಟು ಎಷ್ಟು, ಗಿಲಾವು ಎಷ್ಟು ಎಂದು ಬರೆದು, ಲೋಕೋಪಯೋಗಿ ಇಲಾಖೆಯ ದರಪಟ್ಟಿ ನೋಡಿ ಗುಣಿಸಿ, ಕೊನೆಯಲ್ಲಿ ಮೊತ್ತ ಹಾಕಿದರೆ ಉತ್ತರ ಮುಗಿಯಿತು. ಈ ಎಸ್ಟಿಮೇಟಿನಲ್ಲಿ ನಾಲ್ಕೈದು ಕಲಂಗಳಿರುತ್ತವೆ: ಕೆಲಸದ ವಿವರ, ಅಳತೆ, ಪ್ರಮಾಣ, ದರ, ಮೊತ್ತ. ಈ ಅಧ್ಯಾಯ ಅದರ ಪಕ್ಕದಲ್ಲಿ ಇನ್ನೊಂದು ಕಲಂ ಎಳೆಯುವ ಬಗ್ಗೆ.

ಮನೆ ಎಲ್ಲೋ ಇರುವುದು ಬೇಡ. ಕಾಮಸಮುದ್ರದಲ್ಲಿದೆ ಎಂದುಕೊಳ್ಳೋಣ. ಬಂಗಾರಪೇಟೆಯಿಂದ ಕುಪ್ಪಂ ಕಡೆಗೆ ಹೋಗುವ ರೈಲುದಾರಿಯ ಮೇಲಿರುವ, ಆಂಧ್ರ ಮತ್ತು ತಮಿಳುನಾಡಿನ ಗಡಿಗೆ ಅಂಟಿಕೊಂಡ ಹೋಬಳಿ ಕೇಂದ್ರ ಅದು. ಮನೆ ಸಾವಿರ ಚದರ ಅಡಿಯದು. ಚದರ ಅಡಿಗೆ ಸುಮಾರು 0.4 ಚೀಲ ಸಿಮೆಂಟು ಎಂಬುದು ಕಾಲೇಜಿನ ಮೆಟ್ಟಿಲು ಹತ್ತದ ಮೇಸ್ತ್ರಿಗೂ ಗೊತ್ತಿರುವ ಅಂದಾಜು. ಹಾಗಾದರೆ 400 ಚೀಲ, ಅಂದರೆ 20 ಟನ್. ಚದರ ಅಡಿಗೆ 1.8 ಘನ ಅಡಿಯಂತೆ ಮರಳು 1,800 ಘನ ಅಡಿ, ಸುಮಾರು 50 ಘನ ಮೀಟರ್. ಪರೀಕ್ಷೆಯ ಮಟ್ಟಿಗೆ ಇದು ಸರಿಯಾದ ಉತ್ತರ. ಆದರೆ ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ಪಾಲಾರ್ ಇದೆ, ಮಾರ್ಕಂಡೇಯ ಇದೆ. ಎರಡೂ ಮಳೆ ಬಂದಾಗ ಮಾತ್ರ ನದಿಗಳು. ಹಾಗಿದ್ದರೆ ಆ 50 ಘನ ಮೀಟರ್ ಮರಳು ಎಲ್ಲಿಂದ ಬರುತ್ತದೆ?

ಈ ಪ್ರಶ್ನೆಗೆ ಕೋಲಾರದವರು ಬಹುಕಾಲ ಕೊಟ್ಟ ಉತ್ತರದ ಹೆಸರು ಫಿಲ್ಟರ್ ಮರಳು. ಕೆರೆಯಂಗಳದ ಮಣ್ಣನ್ನೋ ಹೊಲದ ಮಣ್ಣನ್ನೋ ಜೆಸಿಬಿಯಲ್ಲಿ ಬಗೆದು ಗುಂಡಿಗೆ ಸುರಿದು, ಕೊಳವೆಬಾವಿಯ ನೀರು ಹಾಯಿಸಿ ಕಲಕುತ್ತಾರೆ. ಜೇಡಿ ತೇಲಿ ಹೊರಗೆ ಹೋಗುತ್ತದೆ, ಮರಳು ತಳದಲ್ಲಿ ಉಳಿಯುತ್ತದೆ, ರಾತ್ರಿ ಲಾರಿ ಹತ್ತುತ್ತದೆ. ಸರ್ಕಾರ ಇದನ್ನು ನಿಷೇಧಿಸಿದೆ. ಈಗ ಕಲ್ಲು ಅರೆದು ಮಾಡುವ ಎಂ-ಸ್ಯಾಂಡ್ ಬಳಕೆಯೇ ಹೆಚ್ಚು. ಆದರೂ ಇದರ ಲೆಕ್ಕವನ್ನು ತರಗತಿಯಲ್ಲಿ ಮಾಡಿ ನೋಡಬೇಕು. ಮಣ್ಣಿನ ಮೂರರಲ್ಲೊಂದು ಪಾಲು ಜೇಡಿ ಮತ್ತು ಗೋಡು ಎಂದುಕೊಂಡರೆ, 50 ಘನ ಮೀಟರ್ ಮರಳಿಗೆ 75 ಘನ ಮೀಟರ್ ನೆಲ ಹೋಯಿತು. ಒಂದೂವರೆ ಮೀಟರ್ ಆಳಕ್ಕೆ ಬಗೆದರೆ 50 ಚದರ ಮೀಟರ್ ಹೊಲ. ಮನೆಯ ತಳಪಾಯದ ಅರ್ಧಕ್ಕಿಂತ ಹೆಚ್ಚು ವಿಸ್ತೀರ್ಣದ ಭೂಮಿ ಇನ್ನೆಲ್ಲೋ ಗುಂಡಿಯಾಯಿತು. ಇಷ್ಟು ಮಾಡಿಯೂ ಸಿಕ್ಕಿದ್ದು ಒಳ್ಳೆಯ ಮರಳೇನಲ್ಲ. ಭಾರತೀಯ ಮಾನಕ ಐಎಸ್ 383ರ ಪ್ರಕಾರ ನೈಸರ್ಗಿಕ ಮರಳಿನಲ್ಲಿ 75 ಮೈಕ್ರಾನಿಗಿಂತ ಸಣ್ಣ ಕಣ ತೂಕದಲ್ಲಿ ಶೇ 3 ಮೀರಬಾರದು. ಸರಿಯಾಗಿ ತೊಳೆಯದ ಮರಳಿನ ಕಣಗಳಿಗೆ ಅಂಟಿದ ಜೇಡಿ, ಸಿಮೆಂಟಿನ ಹಿಡಿತವನ್ನು ತಪ್ಪಿಸುತ್ತದೆ. ಚೆನ್ನಾಗಿ ತೊಳೆಯಬೇಕೆಂದರೆ ಇನ್ನಷ್ಟು ನೀರು ಬೇಕು.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ನೀರಿನಲ್ಲಿ ಹರಿಯಬಿಟ್ಟ ಆ ಜೇಡಿಯೇ ಈ ಸೀಮೆಯ ಮಣ್ಣಿನ ದೊಡ್ಡ ಗುಣ. ಕೋಲಾರದ ಕೆಂಪುಮಣ್ಣಿನಲ್ಲಿ ಹೆಚ್ಚಾಗಿರುವ ಜೇಡಿ ಖನಿಜ ಕೆಯೊಲಿನೈಟ್. ಇದರ ಪದರಗಳು ಒಂದಕ್ಕೊಂದು ಬಿಗಿಯಾಗಿ ಕೂತಿರುತ್ತವೆ, ನೀರು ಅವುಗಳ ನಡುವೆ ನುಗ್ಗಲಾರದು. ವಿಜಯಪುರ, ಧಾರವಾಡದ ಕಪ್ಪುಮಣ್ಣಿನಲ್ಲಿರುವ ಮಾಂಟ್‌ಮೊರಿಲೊನೈಟ್ ಇದಕ್ಕೆ ತದ್ವಿರುದ್ಧ: ಪದರಗಳ ನಡುವೆ ನೀರು ಸೇರಿ ಮಣ್ಣು ಉಬ್ಬುತ್ತದೆ, ಒಣಗಿದಾಗ ಬಿರುಕು ಬಿಡುತ್ತದೆ. ಉಬ್ಬದ ಕೆಂಪುಮಣ್ಣಿಗೆ ಶೇ 6ರಿಂದ 8ರಷ್ಟು ಸಿಮೆಂಟು ಬೆರೆಸಿ, ಹದವಾಗಿ ನೀರು ಚಿಮುಕಿಸಿ, ಯಂತ್ರದಲ್ಲಿ ಒತ್ತಿದರೆ ಗಟ್ಟಿ ಬ್ಲಾಕು ಸಿಗುತ್ತದೆ. ಸುಡುವ ಕೆಲಸವಿಲ್ಲ. ಮೂರು ನಾಲ್ಕು ವಾರ ತೇವವಾಗಿಟ್ಟರೆ ಸಾಕು.

ಇದು ನಮ್ಮದೇ ನೆಲದಲ್ಲಿ ಬೆಳೆದ ವಿದ್ಯೆ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿ ಅವರ ಮುಂದಾಳತ್ವದಲ್ಲಿ ‘ಅಸ್ತ್ರ’ ಎಂಬ ಕೇಂದ್ರ ಹುಟ್ಟಿತು. ಹಳ್ಳಿಗೆ ಬೇಕಾದ ತಂತ್ರಜ್ಞಾನದ ಮೇಲೆ ದೇಶದ ಅತ್ಯುತ್ತಮ ಪ್ರಯೋಗಾಲಯದ ಬುದ್ಧಿಯನ್ನು ಹೂಡಬೇಕೆಂಬುದು ಅದರ ಹಟ. ಅಲ್ಲಿನ ಸಿವಿಲ್ ಎಂಜಿನಿಯರುಗಳಾದ ಕೆ.ಎಸ್. ಜಗದೀಶ್, ಬಿ.ವಿ. ವೆಂಕಟರಾಮ ರೆಡ್ಡಿ ಮೊದಲಾದವರು ಮಣ್ಣಿನ ಬ್ಲಾಕಿನ ಹಿಂದಿನ ವಿಜ್ಞಾನವನ್ನು ದಶಕಗಳ ಕಾಲ ಕೆದಕಿದರು. ಕೈಯಿಂದ ಒತ್ತುವ ‘ಮರ್ದಿನಿ’ ಯಂತ್ರ ಬಂದದ್ದು ಆ ಕೆಲಸದಿಂದಲೇ. 2003ರಲ್ಲಿ ವೆಂಕಟರಾಮ ರೆಡ್ಡಿ ಮತ್ತು ಜಗದೀಶ್ ಪ್ರಕಟಿಸಿದ ಲೇಖನವೊಂದು ನಮ್ಮ ಕಟ್ಟಡ ಸಾಮಗ್ರಿಗಳ ಅಂತರ್ಗತ ಶಕ್ತಿಯನ್ನು ಲೆಕ್ಕ ಹಾಕಿತು. ಅಂತರ್ಗತ ಶಕ್ತಿ ಎಂದರೆ ಒಂದು ವಸ್ತು ಗಣಿಯಿಂದ ಹೊರಟು ನಮ್ಮ ಕೈಸೇರುವ ಹೊತ್ತಿಗೆ ಅದಕ್ಕಾಗಿ ಉರಿದ ಇಂಧನ, ವಿದ್ಯುತ್ತು ಎಲ್ಲ ಸೇರಿದ ಮೊತ್ತ. ಸಿಮೆಂಟಿಗೆ ಕಿಲೋಗೆ 5.85 ಮೆಗಾಜೂಲ್, ಉಕ್ಕಿಗೆ 42, ಅಲ್ಯುಮಿನಿಯಮ್ಮಿಗೆ 236.8. ಸುಟ್ಟ ಇಟ್ಟಿಗೆಯ ಒಂದು ಘನ ಮೀಟರ್ ಗೋಡೆಗೆ 2,141 ಮೆಗಾಜೂಲ್ ಆದರೆ, ಶೇ 6ರಷ್ಟು ಸಿಮೆಂಟಿನ ಮಣ್ಣು ಬ್ಲಾಕಿನ ಗೋಡೆಗೆ 646. ಇಡೀ ಕಟ್ಟಡಕ್ಕೆ ಬಂದರೆ, ಇಟ್ಟಿಗೆ ಗೋಡೆಯೇ ಭಾರ ಹೊರುವ ಎರಡಂತಸ್ತಿನ ಮನೆಗೆ ಚದರ ಮೀಟರಿಗೆ 2.92 ಗಿಗಾಜೂಲ್, ಮಣ್ಣು ಬ್ಲಾಕಿನದಕ್ಕೆ 1.61, ಕಂಬ-ತೊಲೆಗಳ ಬಹುಮಹಡಿ ಕಟ್ಟಡಕ್ಕೆ 4.21.

ನಮ್ಮ ಕಾಮಸಮುದ್ರದ ಮನೆಗೆ ಇದನ್ನು ಅನ್ವಯಿಸೋಣ. ಸಾವಿರ ಚದರ ಅಡಿ ಎಂದರೆ 93 ಚದರ ಮೀಟರ್. ಇಟ್ಟಿಗೆಯಲ್ಲಿ ಕಟ್ಟಿದರೆ ಸುಮಾರು 272 ಗಿಗಾಜೂಲ್, ಮಣ್ಣು ಬ್ಲಾಕಿನಲ್ಲಿ 150. ವ್ಯತ್ಯಾಸ 122 ಗಿಗಾಜೂಲ್. ಕಿಲೋಗೆ 18 ಮೆಗಾಜೂಲ್ ಕೊಡುವ ಕಲ್ಲಿದ್ದಲಾದರೆ ಆರೂವರೆ ಟನ್ನಿಗೂ ಮಿಕ್ಕಿತು. ಕೂಡಿಸುವುದು, ಗುಣಿಸುವುದು ಬಿಟ್ಟು ಬೇರೇನೂ ಇಲ್ಲಿಲ್ಲ. ಎಸ್ಟಿಮೇಟಿನ ಹಾಳೆಯಲ್ಲಿ ದರದ ಪಕ್ಕದಲ್ಲೇ ಬರೆಯಬಹುದು. ಎರಡನೇ ವರ್ಷದ ವಿದ್ಯಾರ್ಥಿಗೆ ಇದನ್ನು ಕಲಿಸಲು ಹೊಸ ಪಠ್ಯಪುಸ್ತಕ ಬೇಕಿಲ್ಲ.

ಸಿಮೆಂಟಿನ ವಿಷಯದಲ್ಲಿ ಇಂಧನ ಉಳಿಸಿದರಷ್ಟೇ ಸಾಲದು ಎಂಬುದಕ್ಕೆ ಕಾರಣ ರಸಾಯನಶಾಸ್ತ್ರದಲ್ಲಿದೆ. ಸುಣ್ಣದಕಲ್ಲೆಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. 100 ಕಿಲೋ ಶುದ್ಧ ಸುಣ್ಣದಕಲ್ಲನ್ನು ಸುಟ್ಟರೆ 56 ಕಿಲೋ ಸುಣ್ಣ ಉಳಿದು 44 ಕಿಲೋ ಇಂಗಾಲದ ಡೈಆಕ್ಸೈಡ್ ಹಾರಿಹೋಗುತ್ತದೆ. ಗೂಡನ್ನು ಸೌರಶಕ್ತಿಯಿಂದಲೇ ಕಾಯಿಸಿದರೂ ಈ 44 ಕಿಲೋ ತಪ್ಪದು, ಅದು ಕಲ್ಲಿನೊಳಗೇ ಕೂತಿದೆ. ಇದರ ಮೇಲೆ 1,450 ಡಿಗ್ರಿ ಸೆಲ್ಸಿಯಸ್ ಬಿಸಿ ಏರಿಸಲು ಉರಿಸಿದ ಇಂಧನದ ಪಾಲು. ಒಟ್ಟಿನಲ್ಲಿ ಸಿಮೆಂಟಿನ ಬಗೆಯನ್ನು ಅವಲಂಬಿಸಿ ಟನ್ನಿಗೆ 0.6ರಿಂದ 0.9 ಟನ್ ಡೈಆಕ್ಸೈಡ್. ಜಗತ್ತಿನ ಒಟ್ಟು ಹೊರಸೂಸುವಿಕೆಯಲ್ಲಿ ಸಿಮೆಂಟಿನದು ಶೇ 7ರಿಂದ 8. ಕಾಮಸಮುದ್ರದ 400 ಚೀಲಗಳದು 12ರಿಂದ 18 ಟನ್.

ಇದಕ್ಕೆ ಈಗ ಜಗತ್ತು ಹುಡುಕಿಕೊಂಡಿರುವ ಉತ್ತರಗಳಲ್ಲೊಂದು ಸುಟ್ಟ ಜೇಡಿ ಮತ್ತು ಸುಣ್ಣದಕಲ್ಲಿನ ಪುಡಿ ಬೆರೆಸಿದ ಸಿಮೆಂಟು, ಎಲ್‌ಸಿ3. ಸ್ವಿಟ್ಜರ್ಲೆಂಡಿನ ಲೊಸಾನ್, ಕ್ಯೂಬಾ, ನಮ್ಮ ದೆಹಲಿ ಮತ್ತು ಮದ್ರಾಸು ಐಐಟಿಗಳು ಕೂಡಿ ಬೆಳೆಸಿದ್ದು. ಸುಣ್ಣದಕಲ್ಲು ಸುಟ್ಟು ಮಾಡುವ ಕ್ಲಿಂಕರಿನ ಅರ್ಧ ಪಾಲನ್ನು ತೆಗೆದು, ಆ ಜಾಗಕ್ಕೆ ಸುಮಾರು 700-800 ಡಿಗ್ರಿಯಲ್ಲಿ ಸುಟ್ಟ ಕೆಯೊಲಿನೈಟ್ ಜೇಡಿಯನ್ನೂ ಸುಡದ ಸುಣ್ಣದಕಲ್ಲನ್ನೂ ಹಾಕುತ್ತಾರೆ. ಭಾರತೀಯ ಮಾನಕ ಬ್ಯೂರೊ ಇದಕ್ಕೆ 2023ರಲ್ಲಿ ಐಎಸ್ 18189 ಎಂಬ ಮಾನಕ ಕೊಟ್ಟಿತು. ಸುಟ್ಟ ಜೇಡಿಯ ಸಿಲಿಕ ಮತ್ತು ಅಲ್ಯುಮಿನ, ಸಿಮೆಂಟು ಗಟ್ಟಿಯಾಗುವಾಗ ಹೊರಬರುವ ಸುಣ್ಣದೊಂದಿಗೆ ಕೂಡಿ ಮತ್ತಷ್ಟು ಅಂಟು ಮಾಡುತ್ತವೆ. ನಮ್ಮ ಹಳೆಯ ಗಾರೆಯವರಿಗೆ ಈ ಕ್ರಿಯೆ ಹೊಸದಲ್ಲ. ಇಟ್ಟಿಗೆಚೂರು ಕುಟ್ಟಿ ಸುಣ್ಣದ ಜೊತೆ ಅರೆದ ಸುರ್ಕಿ ಗಾರೆಯಲ್ಲಿ ನಡೆಯುತ್ತಿದ್ದುದೂ ಇದೇ. ಕೃಷ್ಣರಾಜಸಾಗರ ಅಣೆಕಟ್ಟೆಯ ಕಲ್ಲುಗಳನ್ನು ಹಿಡಿದಿರುವುದು ಸುರ್ಕಿ. ಆ ಅಣೆಕಟ್ಟೆಯ ರೂವಾರಿ ವಿಶ್ವೇಶ್ವರಯ್ಯನವರ ಮುದ್ದೇನಹಳ್ಳಿ, 2007ರಲ್ಲಿ ಚಿಕ್ಕಬಳ್ಳಾಪುರ ಬೇರೆಯಾಗುವವರೆಗೆ ಕೋಲಾರ ಜಿಲ್ಲೆಯದೇ ಊರು. ಅವತ್ತು ಸಿಮೆಂಟು ದುಬಾರಿ ಎಂಬ ಕಾರಣಕ್ಕೆ ಸುರ್ಕಿ ಬಂತು. ಇವತ್ತು ಸಿಮೆಂಟು ಭೂಮಿಗೆ ದುಬಾರಿ ಎಂಬ ಕಾರಣಕ್ಕೆ ಅದರ ತಮ್ಮ ಬರುತ್ತಿದ್ದಾನೆ. ಆದರೆ ಕಟ್ಟಡ ಸಾಮಗ್ರಿಗಳ ಪಾಠದಲ್ಲಿ ಸುರ್ಕಿ ಇಂದಿಗೂ ಪರೀಕ್ಷೆಗೆ ಎರಡು ಅಂಕದ ಟಿಪ್ಪಣಿ.

ಪಠ್ಯಕ್ರಮ ಎಂಬುದು ಅದನ್ನು ಮಾಡಿದ ಕಾಲದ ಅಗತ್ಯವನ್ನು ತನ್ನೊಳಗೆ ಇಟ್ಟುಕೊಂಡೇ ಇರುತ್ತದೆ. ಭಾರತದ ಮೊದಲ ಎಂಜಿನಿಯರಿಂಗ್ ಕಾಲೇಜು 1847ರಲ್ಲಿ ರೂರ್ಕಿಯಲ್ಲಿ ಹುಟ್ಟಿದ್ದು ಗಂಗಾ ಕಾಲುವೆ ತೋಡಲು ಜನ ಬೇಕಾಗಿತ್ತೆಂದು. ವಿಶ್ವೇಶ್ವರಯ್ಯನವರ ಪ್ರಯತ್ನದಿಂದ 1917ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಕಾಲೇಜಿನ ಹಿಂದೆ, ಮೈಸೂರು ಸಂಸ್ಥಾನವು ತನ್ನ ಕೆರೆ, ಕಟ್ಟೆ, ರಸ್ತೆ, ಕಾರ್ಖಾನೆಗಳಿಗೆ ತನ್ನವರನ್ನೇ ತಯಾರು ಮಾಡಿಕೊಳ್ಳುವ ಹಂಬಲವಿತ್ತು. ಕಟ್ಟುವುದೇ ಕಷ್ಟವಾಗಿದ್ದ ಕಾಲ ಅದು. ಕಟ್ಟಿದ್ದರ ಬೆಲೆಯನ್ನು ಯಾರು ತೆರುತ್ತಾರೆ ಎಂಬ ಪ್ರಶ್ನೆ ಕಾಲೇಜಿಗೆ ಬಂದದ್ದು ನ್ಯಾಯಾಲಯದ ಮೂಲಕ. ಎಂ.ಸಿ. ಮೆಹ್ತಾ ಪ್ರಕರಣದಲ್ಲಿ 1991ರಲ್ಲಿ ಸುಪ್ರೀಂ ಕೋರ್ಟು ಪರಿಸರ ಶಿಕ್ಷಣ ಕಡ್ಡಾಯವಾಗಬೇಕೆಂದಿತು. ಯುಜಿಸಿ ಆರು ತಿಂಗಳ ಪರಿಸರ ಅಧ್ಯಯನದ ಪಠ್ಯ ರೂಪಿಸಿತು. ಮುಂದೆ 2014ರಲ್ಲಿ ಭಾರತ ವಾಷಿಂಗ್ಟನ್ ಒಪ್ಪಂದದ ಕಾಯಂ ಸದಸ್ಯನಾಯಿತು. ನಮ್ಮ ಪದವಿಗೆ ಹೊರದೇಶಗಳಲ್ಲಿ ಮಾನ್ಯತೆ ಸಿಗಬೇಕಾದರೆ ಪದವೀಧರನಲ್ಲಿ ಇಂತಿಂಥ ಸಾಮರ್ಥ್ಯಗಳಿರಬೇಕು ಎಂದು ಹನ್ನೆರಡನ್ನು ಪಟ್ಟಿ ಮಾಡಲಾಯಿತು. ಆ ಪಟ್ಟಿಯಲ್ಲಿ ಏಳನೆಯದಾಗಿದ್ದದ್ದು ಪರಿಸರ ಮತ್ತು ಸುಸ್ಥಿರತೆ.

ಉದ್ದೇಶ ಒಳ್ಳೆಯದೇ. ಆದರೆ ಕಾಲೇಜಿನಲ್ಲಿ ಕೆಲಸ ಮಾಡಿದವರಿಗೆ ಮುಂದಿನದು ಗೊತ್ತು. ಪ್ರತಿ ವಿಷಯಕ್ಕೂ ಒಂದು ಚೌಕಳಿ ಕೋಷ್ಟಕ. ವಿಷಯದ ಫಲಿತಗಳು ಒಂದು ಕಡೆ, ಪಟ್ಟಿಯ ಸಾಮರ್ಥ್ಯಗಳು ಇನ್ನೊಂದು ಕಡೆ. ಸುಸ್ಥಿರತೆಯ ಮನೆಯಲ್ಲಿ 1, 2 ಅಥವಾ 3 ಬರೆದರೆ ಅದನ್ನು ಕಲಿಸಿದಂತಾಯಿತು. ಪರಿಸರ ಅಧ್ಯಯನದ ತರಗತಿಯಲ್ಲಿ ಓಝೋನ್ ಪದರ ಓದಿದ ಹುಡುಗಿಗೆ, ಪಕ್ಕದ ಕೋಣೆಯ ಕಾಂಕ್ರೀಟ್ ವಿನ್ಯಾಸದ ತರಗತಿಯಲ್ಲಿ ತೊಲೆಯ ಗಾತ್ರ ಹೆಚ್ಚಿಸುವಾಗ ಆ ಎರಡಕ್ಕೂ ಸಂಬಂಧವಿದೆ ಎಂದು ಕಾಣುವುದಿಲ್ಲ. ಮೇಷ್ಟ್ರುಗಳನ್ನು ದೂರಿ ಪ್ರಯೋಜನವಿಲ್ಲ. ಅವರಿಗೆ ಕೊಟ್ಟಿರುವುದು ಕೋಷ್ಟಕ, ಸಮಯವಲ್ಲ. ಸುಸ್ಥಿರತೆಯನ್ನು ಪ್ರತ್ಯೇಕ ವಿಷಯವಾಗಿ ಇಟ್ಟಷ್ಟೂ ಅದು ಬೇರೆಯವರ ಕೆಲಸವಾಗುತ್ತದೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಅದು ಇರಬೇಕಾದ ಜಾಗ ಎಸ್ಟಿಮೇಟು, ಕಾಂಕ್ರೀಟ್ ಲ್ಯಾಬು, ಮಣ್ಣಿನ ಲ್ಯಾಬು ಮತ್ತು ಸರ್ವೆ ಕ್ಯಾಂಪು.

ಸರ್ವೆ ಕ್ಯಾಂಪಿನ ಮಾತು ಸ್ವಲ್ಪ ವಿಸ್ತಾರವಾಗಿಯೇ ಆಡಬೇಕು, ಏಕೆಂದರೆ ನಮ್ಮ ಕರ್ನಾಟಕದ ಸಿವಿಲ್ ಶಿಕ್ಷಣದಲ್ಲಿ ಅತ್ಯಂತ ಬೆಲೆಬಾಳುವ ವಸ್ತು ಅದೇ. ವಿಟಿಯು ಕಾಲೇಜುಗಳ ವಿದ್ಯಾರ್ಥಿಗಳು ಊರಾಚೆ ಬಿಡಾರ ಹೂಡಿ ಲೆವೆಲ್ಲು, ಟೋಟಲ್ ಸ್ಟೇಷನ್ನು ಹೊತ್ತು ಬಿಸಿಲಲ್ಲಿ ತಿರುಗುತ್ತಾರೆ. ಹೊಸ ಕೆರೆ, ರಸ್ತೆ, ಕುಡಿಯುವ ನೀರಿನ ಯೋಜನೆಗಳ ಜೊತೆಗೆ ಆ ಪಠ್ಯದಲ್ಲಿ ಹಳೆ ಕೆರೆಯ ಪುನಶ್ಚೇತನವೂ ಇದೆ. ಏರಿಯ ಉದ್ದಗಲ, ತೂಬಿನ ಮಟ್ಟ, ಕೋಡಿಯ ಮಟ್ಟ, ಅಂಗಳದ ಸಮಪಾತಳಿ ರೇಖೆ ತೆಗೆದು, ಹೂಳಿನ ಪ್ರಮಾಣ ಲೆಕ್ಕ ಹಾಕುವುದು. ಸುಸ್ಥಿರತೆ ಎಂಬ ಹೆಸರಿಲ್ಲದೆಯೇ ಇದು ನಡೆದು ಬಂದಿದೆ. ಸಾವಿರಾರು ಕೆರೆಗಳ ಕೋಲಾರ ಜಿಲ್ಲೆಗಿಂತ ಇದಕ್ಕೆ ಒಳ್ಳೆಯ ಜಾಗ ಎಲ್ಲಿದೆ? ಇಲ್ಲಿ ಒಂದು ಕೆರೆಯ ಕೋಡಿ ಹರಿದರೆ ಕೆಳಗಿನ ಕೆರೆ ತುಂಬುತ್ತದೆ. ಒಂದನ್ನು ಮಾತ್ರ ಅಳೆದರೆ ಅರ್ಧ ಪಾಠ. ಒಂದು ಸರಣಿಯ ಮೂರು ನಾಲ್ಕು ಕೆರೆಗಳನ್ನು ಒಟ್ಟಿಗೆ ಹಿಡಿಯಬೇಕು, ಅವುಗಳ ನಡುವಿನ ರಾಜಕಾಲುವೆ ಎಲ್ಲೆಲ್ಲಿ ಕಿರಿದಾಗಿದೆ ಎಂದು ನಡೆದು ನೋಡಬೇಕು.

ಕೆರೆಗೆ ಎಷ್ಟು ನೀರು ಬರುತ್ತದೆ ಎಂದು ತಿಳಿಯಲು ವಿದ್ಯಾರ್ಥಿಗಳು ಇಂದಿಗೂ ಸ್ಟ್ರೇಂಜ್ ಎಂಬ ಎಂಜಿನಿಯರು ಬ್ರಿಟಿಷರ ಕಾಲದಲ್ಲಿ ಮುಂಬಯಿ ಪ್ರಾಂತ್ಯಕ್ಕಾಗಿ ಮಾಡಿಟ್ಟ ಕೋಷ್ಟಕ ಬಳಸುತ್ತಾರೆ. ಮಳೆಯಲ್ಲಿ ಶೇಕಡ ಎಷ್ಟು ಹರಿದು ಕೆರೆ ಸೇರೀತು ಎಂದಷ್ಟೇ ಅದು ಹೇಳುತ್ತದೆ. ನೆಲಕ್ಕೆ ಇಂಗಿದ ನೀರು ಅದರ ದೃಷ್ಟಿಯಲ್ಲಿ ನಷ್ಟ. ಸಾವಿರ ಅಡಿ ದಾಟಿದ ಕೊಳವೆಬಾವಿಗಳ ಜಿಲ್ಲೆಯಲ್ಲಿ ಇಂಗಿದ ನೀರೇ ಉಳಿತಾಯ. ಜಲಾನಯನದಲ್ಲಿ ನೀಲಗಿರಿ ತೋಪು ಬೆಳೆದರೆ, ಕಲ್ಲುಕ್ವಾರಿ ಬಾಯಿ ತೆರೆದರೆ ಆ ಶೇಕಡ ಏನಾಗುತ್ತದೆ ಎಂದು ಕೋಷ್ಟಕ ಹೇಳದು. ಅಲ್ಲಿಂದ ಮುಂದೆ ವಿದ್ಯಾರ್ಥಿ ತಾನೇ ಅಳೆಯಬೇಕು, ಊರವರನ್ನು ಕೇಳಬೇಕು. ಕೆರೆಯ ನೀರು ಹಂಚುತ್ತಿದ್ದ ನೀರುಗಂಟಿಯ ಮನೆತನದವರು ಇನ್ನೂ ಇರುವ ಊರುಗಳಲ್ಲಿ, ಯಾವ ಮಳೆಗೆ ಯಾವ ಕೆರೆ ಮೊದಲು ಕೋಡಿ ಬೀಳುತ್ತಿತ್ತು ಎಂಬುದನ್ನು ಅವರಷ್ಟು ಖಚಿತವಾಗಿ ಹೇಳುವವರಿಲ್ಲ.

ಕಾಮಸಮುದ್ರದ ಕಡೆ ಕ್ಯಾಂಪು ಹಾಕಿದರೆ ನಕ್ಷೆಗೆ ಇನ್ನೊಂದು ಗೆರೆ ಸೇರುತ್ತದೆ. ಗಡಿಯಾಚೆಯ ಕಾಡುಗಳಿಂದ ಆನೆಗಳು ಈ ಹೋಬಳಿಯ ಹೊಲಗಳಿಗೆ ಬರುತ್ತವೆ. ಬೆಳೆ ಹೋಗುತ್ತದೆ, ಕೆಲವೊಮ್ಮೆ ಜೀವವೂ. ರಸ್ತೆಯ ಜೋಡಣೆ, ರೈಲುಹಳಿಯ ಕೆಳಗಿನ ಮೋರಿಯ ಎತ್ತರ, ಕಂದಕ ತೋಡುವ ಜಾಗ, ಇವೆಲ್ಲ ಸಿವಿಲ್ ಎಂಜಿನಿಯರು ನಿರ್ಧರಿಸುವ ಸಂಗತಿಗಳು. ಆನೆ ದಾಟುವ ಜಾಗವನ್ನು ಸಮಪಾತಳಿ ರೇಖೆಯಷ್ಟೇ ನಿಷ್ಠೆಯಿಂದ ಗುರುತಿಸಿದ ನಕ್ಷೆ ಮಾತ್ರ ಇಲ್ಲಿ ಪೂರ್ಣ ನಕ್ಷೆ.

ನೀರಿನ ಲೆಕ್ಕಕ್ಕೆ ಮರಳಿದರೆ, ಮನೆ ಕಟ್ಟುವಾಗ ಕ್ಯೂರಿಂಗಿಗೆ ಸುರಿಯುವ ನೀರಿಗೂ ಶಕ್ತಿಯ ಬೆಲೆ ಇದೆ. ಸಾವಿರ ಅಡಿ, ಅಂದರೆ 305 ಮೀಟರ್ ಆಳದಿಂದ ಸಾವಿರ ಲೀಟರ್ ಎತ್ತಲು ಭೌತಶಾಸ್ತ್ರ ಕೇಳುವುದು 0.83 ಯೂನಿಟ್. ಪಂಪು-ಮೋಟರಿನ ದಕ್ಷತೆ ಶೇ 40 ಎಂದರೆ ಎರಡು ಯೂನಿಟ್ಟಿಗೂ ಮಿಕ್ಕಿತು. ಐದು ಸಾವಿರ ಲೀಟರಿನ ಒಂದು ಟ್ಯಾಂಕರಿಗೆ ಹತ್ತು ಯೂನಿಟ್. ಅದೇ ಮನೆಯ ತಾರಸಿಯ ಮೇಲೆ ವರ್ಷಕ್ಕೆ 700 ಮಿಲಿಮೀಟರ್ ಮಳೆ ಬಿದ್ದರೆ, ಶೇ 80ರಷ್ಟು ಹಿಡಿದರೂ 52,000 ಲೀಟರ್. ಇನ್ನು ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೊಳಚೆಯನ್ನು ಎರಡನೇ ಹಂತದವರೆಗೆ ಶುದ್ಧೀಕರಿಸಿ, ದಿನಕ್ಕೆ 44 ಕೋಟಿ ಲೀಟರಿನ ಗುರಿಯೊಂದಿಗೆ ಕೋಲಾರದ ನೂರಕ್ಕೂ ಹೆಚ್ಚು ಕೆರೆಗಳಿಗೆ ತರುವ ಕೆ.ಸಿ. ವ್ಯಾಲಿ ಯೋಜನೆ 2018ರಲ್ಲಿ ಆರಂಭವಾಯಿತು. ಬತ್ತಿದ ಕೆರೆಗಳಲ್ಲಿ ನೀರು ನಿಂತಿದ್ದು ನಿಜ. ಮೂರನೇ ಹಂತದ ಶುದ್ಧೀಕರಣ ಬೇಕೆಂದು ಜನ ಬೀದಿಗೂ ಕೋರ್ಟಿಗೂ ಹೋದದ್ದೂ ನಿಜ. ಎರಡನೇ ಹಂತದಲ್ಲಿ ಸಾವಯವ ಕೊಳೆ ಇಳಿಯುತ್ತದೆ, ನೈಟ್ರೇಟು-ಫಾಸ್ಫೇಟುಗಳು ಸಾಕಷ್ಟು ಉಳಿಯುತ್ತವೆ ಎಂಬುದನ್ನು ಪುಸ್ತಕದಲ್ಲಿ ಓದುವ ವಿದ್ಯಾರ್ಥಿ, ತನ್ನ ಲ್ಯಾಬಿಗೆ ಇಂಥ ಕೆರೆಯ ಒಂದು ಬಾಟಲಿ ನೀರನ್ನೂ ಅದರ ಕೆಳಗಿನ ಬಾವಿಯ ನೀರನ್ನೂ ತಿಂಗಳು ತಿಂಗಳು ತಂದು ಪರೀಕ್ಷಿಸಲಿ. ಹಾಗೆ ಐದು ವರ್ಷ ಬ್ಯಾಚಿನಿಂದ ಬ್ಯಾಚಿಗೆ ಸಾಗಿದ ದಾಖಲೆ ಆ ಊರಿನ ಪಂಚಾಯಿತಿಗೆ ಬೇಕಾದ ದಾಖಲೆ.

ಬಂಗಾರಪೇಟೆಯಿಂದ ಇತ್ತ ತಿರುಗಿದರೆ ಕೆಜಿಎಫ್, ಕೋಲಾರದ ಚಿನ್ನದ ಗಣಿಗಳ ಊರು. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಗಣಿಗಳ ಉಸ್ತುವಾರಿ ಹಿಡಿದಲ್ಲಿಂದ 2001ರ ಫೆಬ್ರವರಿ 28ರಂದು ಮುಚ್ಚುವವರೆಗೆ, ಎಂಜಿನಿಯರಿಂಗಿನ ಬೆರಗು ಎನ್ನಬಹುದಾದ ಸಂಗತಿಗಳು ಇಲ್ಲಿ ನಡೆದವು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ವಿದ್ಯುತ್ತು ತಂದರು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿಯಿತು. ಬೇತಮಂಗಲದಲ್ಲಿ ಪಾಲಾರ್ ನೀರನ್ನು ಹಿಡಿದು ಗಣಿಯೂರಿಗೆ ಹರಿಸಿದರು. ಅದೇ ಊರಿನಲ್ಲಿ ಕಾರ್ಮಿಕರ ಲೈನುಗಳಿಗೆ ಕಟ್ಟಿಸಿದ್ದು ಒಣ ಶೌಚಾಲಯಗಳನ್ನು; ಮನುಷ್ಯರ ಮಲವನ್ನು ಮನುಷ್ಯರೇ ಕೈಯಿಂದ ಬಳಿಯಬೇಕಾದ ಕಟ್ಟಡಗಳನ್ನು. 1966ರಲ್ಲಿ ಇಲ್ಲಿ, ಆ ಕೆಲಸ ಮಾಡುತ್ತಿದ್ದ ಕುಟುಂಬದಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಇದರ ವಿರುದ್ಧ ಎದ್ದು ನಿಂತರು, ಸಫಾಯಿ ಕರ್ಮಚಾರಿ ಆಂದೋಲನ ಕಟ್ಟಿದರು, 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದರು.

ಸಿವಿಲ್ ವಿದ್ಯಾರ್ಥಿಗೆ ಈ ಕತೆ ಸಮಾಜಶಾಸ್ತ್ರದ್ದಲ್ಲ, ನೇರವಾಗಿ ತನ್ನ ವಿಷಯದ್ದು. 20 ಮಿಲಿಮೀಟರ್ ನೀರಿನ ತಡೆ ಇರುವ ಟ್ರ್ಯಾಪು, ಎರಡು ಗುಂಡಿ, ಒಂದೂವರೆ ಎರಡು ಲೀಟರ್ ನೀರು. ಇಷ್ಟಿದ್ದರೆ ಯಾರೂ ಯಾರ ಮಲವನ್ನೂ ಮುಟ್ಟಬೇಕಿಲ್ಲ. ಮೂರು ಕಿಲೋಮೀಟರ್ ಆಳದಿಂದ ಅದಿರು ಎತ್ತಬಲ್ಲವರಿಗೆ ಇದು ಕಷ್ಟದ ವಿನ್ಯಾಸವಾಗಿರಲಿಲ್ಲ. ಮಲ ಬಳಿಯುವ ಕೆಲಸ ಯಾವ ಎಸ್ಟಿಮೇಟಿನಲ್ಲೂ ಖರ್ಚಾಗಿ ಕಾಣಲಿಲ್ಲ, ಏಕೆಂದರೆ ಅದನ್ನು ಮಾಡುವವರ ಬದುಕಿಗೆ ದರ ಹಾಕಿರಲಿಲ್ಲ. ಸುಸ್ಥಿರತೆಯನ್ನು ಇಂಗಾಲದ ಲೆಕ್ಕಕ್ಕಷ್ಟೇ ಸೀಮಿತಗೊಳಿಸುವ ಪಾಠಗಳಿಗೆ ನಾನು ಒಪ್ಪದಿರುವುದು ಇದಕ್ಕಾಗಿ.

ಗಣಿಯಿಂದ ಉಳಿದದ್ದು ಸೈನೈಡ್ ಗುಡ್ಡಗಳು. ಅದಿರನ್ನು ಹಿಟ್ಟಿನಷ್ಟು ನುಣ್ಣಗೆ ಅರೆದು, ತೆಳು ಸೈನೈಡ್ ದ್ರಾವಣದಲ್ಲಿ ಚಿನ್ನ ಕರಗಿಸಿಕೊಂಡ ಮೇಲೆ ಉಳಿದ ಪುಡಿ: 13 ಗುಡ್ಡ, ಸಾವಿರ ಎಕರೆ, ಸುಮಾರು 3.3 ಕೋಟಿ ಟನ್. ಸೈನೈಡಿನ ಹೆಚ್ಚಿನ ಪಾಲು ಬಿಸಿಲು-ಗಾಳಿಗೆ ವರ್ಷಗಳಲ್ಲಿ ಒಡೆದುಹೋಗುತ್ತದೆ. ಒಡೆಯದೆ ಉಳಿಯುವುದು ಲೋಹಗಳು ಮತ್ತು ಸಲ್ಫೈಡ್ ಖನಿಜಗಳು. ಗಾಳಿ-ನೀರು ತಾಗಿದ ಸಲ್ಫೈಡ್ ನಿಧಾನವಾಗಿ ಆಮ್ಲವಾಗುತ್ತದೆ. ಗಾಳಿ ಬೀಸುವ ತಿಂಗಳುಗಳಲ್ಲಿ ಪುಡಿ ಎದ್ದು ಮನೆಗಳ ಮೇಲೆ, ಜನರ ಎದೆಯೊಳಗೆ ಕೂರುತ್ತದೆ. ಮಳೆಗಾಲದಲ್ಲಿ ಇಳಿಜಾರಿನಲ್ಲಿ ಕೊರಕಲು ಬಿದ್ದು ತಗ್ಗಿಗೆ ಹರಿಯುತ್ತದೆ.

ಇದರಿಂದ ಇಟ್ಟಿಗೆ ಮಾಡಬಹುದೇ ಎಂದು ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆಯ ವಿಜ್ಞಾನಿಗಳು ಕೆಜಿಎಫ್‌ನಲ್ಲೇ ಪ್ರಯೋಗ ಮಾಡಿ 2007ರಲ್ಲಿ ಪ್ರಕಟಿಸಿದರು. ಸಿಮೆಂಟು ಬೆರೆಸಿದರೆ ಶೇ 20ರಷ್ಟು ಬೇಕಾಯಿತು, ಹದಿನಾಲ್ಕು ದಿನ ನೀರಿನಲ್ಲಿಡಬೇಕಾಯಿತು, ಖರ್ಚು ದುಬಾರಿ. ಕೆಂಪುಮಣ್ಣೋ ಕಪ್ಪುಮಣ್ಣೋ ಬೆರೆಸಿ ಸುಟ್ಟ ಇಟ್ಟಿಗೆ ಅಗ್ಗವಾಗಿ ಬಂತು. ಈ ಫಲಿತಾಂಶವನ್ನು ಹೊಸ ಕಲಂನಲ್ಲಿ ಬರೆದು ನೋಡಿ. ಮೂರು ಕಿಲೋ ಇಟ್ಟಿಗೆಯಲ್ಲಿ ಶೇ 20 ಸಿಮೆಂಟು ಎಂದರೆ 0.6 ಕಿಲೋ, ಅದರ ಶಕ್ತಿ 3.5 ಮೆಗಾಜೂಲ್. ಸಾಮಾನ್ಯ ಸುಟ್ಟ ಇಟ್ಟಿಗೆಗೆ ರೆಡ್ಡಿ-ಜಗದೀಶ್ ಕೊಟ್ಟ ಅಂಕಿ 4.25. ಉಳಿದದ್ದು ಅಲ್ಪ. ಅಷ್ಟೇ ತೂಕದ ಕೆಂಪುಮಣ್ಣಿನ ಬ್ಲಾಕಿಗೆ ಶೇ 7 ಸಿಮೆಂಟು ಹಾಕಿದರೆ 1.2 ಮೆಗಾಜೂಲ್ ಸಾಕು. ಗಣಿಪುಡಿ ಏಕಿಷ್ಟು ಸಿಮೆಂಟು ಕುಡಿಯುತ್ತದೆ? ಕಣ ಸಣ್ಣದಾದಷ್ಟೂ ಒಟ್ಟು ಮೇಲ್ಮೈ ಹೆಚ್ಚು, ಅಂಟಿಸಲು ಸಿಮೆಂಟೂ ಹೆಚ್ಚು. ಒಳಗೆ ಆಸರೆಯಾಗಿ ನಿಲ್ಲಬಲ್ಲ ದಪ್ಪ ಮರಳು ಕಡಿಮೆ. ಸುಟ್ಟ ಇಟ್ಟಿಗೆ ಹಣಕ್ಕೆ ಅಗ್ಗ, ಆದರೆ ಇಂಧನ ಬೇಕು. ಇನ್ನೊಂದು ಪರೀಕ್ಷೆಯೂ ಉಳಿಯುತ್ತದೆ: ಮಳೆಯಲ್ಲಿ ನೆನೆದ ಗೋಡೆಯಿಂದ, ಗಣಿಪುಡಿಯಲ್ಲಿರಬಹುದಾದ ಆರ್ಸೆನಿಕ್ ಸೋರುತ್ತದೆಯೇ ಎಂಬುದು. ಹಣ, ಶಕ್ತಿ, ವಿಷ ಮೂರೂ ಒಂದೇ ಉತ್ತರ ಕೊಡದ ಇಂಥ ಲೆಕ್ಕವೇ ವಿದ್ಯಾರ್ಥಿಯನ್ನು ಎಂಜಿನಿಯರಾಗಿಸುತ್ತದೆ. ಕೆಜಿಎಫ್‌ನಲ್ಲೇ ಡಾ. ಟಿ. ತಿಮ್ಮಯ್ಯ ತಾಂತ್ರಿಕ ಸಂಸ್ಥೆಯಿದೆ. ಸಿವಿಲ್ ಜೊತೆ ಗಣಿ ಎಂಜಿನಿಯರಿಂಗ್ ಕಲಿಸುವ ಕಾಲೇಜು. ಗುಡ್ಡಗಳು ಅಲ್ಲಿಂದ ಕಣ್ಣಳತೆಯಲ್ಲೇ ಇವೆ.

ಗಣಿ ಮುಚ್ಚಿದ್ದು 2001ರಲ್ಲಿ. ಗಣಿಯನ್ನು ಹೇಗೆ ಮುಚ್ಚುತ್ತೀರಿ ಎಂದು ಮೊದಲೇ ಯೋಜನೆ ಬರೆದುಕೊಡಬೇಕೆಂಬ ನಿಯಮ ಭಾರತದಲ್ಲಿ ಬಂದದ್ದು 2003ರ ಏಪ್ರಿಲಿನಲ್ಲಿ. ಹಾಗಾಗಿ 120 ವರ್ಷ ನಡೆದ ಗಣಿಗೆ ಮುಚ್ಚುವ ವಿನ್ಯಾಸವೇ ಇರಲಿಲ್ಲ. ಪಂಪುಗಳು ನಿಂತವು, ಸುರಂಗಗಳಲ್ಲಿ ನೀರು ಏರಿತು, ನೀರಿನ ಒತ್ತಡಕ್ಕೆ ಬಂಡೆ ಸರಿದು ಸಣ್ಣ ಕಂಪನಗಳು ದಾಖಲಾದವು. 2024ರ ಜೂನಿನಲ್ಲಿ, ಈ 13 ಗುಡ್ಡಗಳಿಂದ ಮತ್ತೆ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಪುಡಿಯಲ್ಲಿರುವ ಚಿನ್ನ ಟನ್ನಿಗೆ ಒಂದು ಗ್ರಾಮಿಗೂ ಕಡಿಮೆ. ಅದನ್ನೆಲ್ಲ ತೆಗೆದ ಮೇಲೂ 3.3 ಕೋಟಿ ಟನ್ 3.3 ಕೋಟಿ ಟನ್ನಾಗಿಯೇ ಉಳಿಯುತ್ತದೆ, ಈ ಬಾರಿ ನೀರಿನಲ್ಲಿ ಕದಡಿದ ಕೆಸರಾಗಿ. 2019ರ ಜನವರಿಯಲ್ಲಿ ಬ್ರೆಜಿಲಿನ ಬ್ರುಮಾಡಿನೊದಲ್ಲಿ ಇಂಥ ಕೆಸರಿನ ಕಟ್ಟೆ ಒಡೆದು 270 ಜನ ಸತ್ತರು. ಆಮೇಲೆ, 2020ರಲ್ಲಿ, ಗಣಿಕೆಸರಿನ ಕಟ್ಟೆಗಳಿಗೆ ಜಾಗತಿಕ ಮಾನದಂಡ ಬಂತು. ಕೆಜಿಎಫ್‌ನಲ್ಲಿ ಹೊಸ ಕೆಸರು ಎಲ್ಲಿ ನಿಲ್ಲಬೇಕು, ಅದರ ಕೆಳಗೆ ಯಾವ ಪದರ ಹಾಸಬೇಕು, ಇಳಿಜಾರು ಎಷ್ಟಿರಬೇಕು, ಬಸಿದ ನೀರು ಬೇತಮಂಗಲದ ಕಡೆ ಹೋಗದಂತೆ ಎಲ್ಲಿ ಹಿಡಿಯಬೇಕು, ಮೇಲೆ ಯಾವ ಮಣ್ಣು ಹೊದಿಸಿ ಯಾವ ಹುಲ್ಲು ಬೆಳೆಸಬೇಕು ಎಂಬಿವೆಲ್ಲ ಭೂತಾಂತ್ರಿಕ ಎಂಜಿನಿಯರಿಂಗಿನ ಪ್ರಶ್ನೆಗಳು. ಆ ಕೆಲಸ ಶುರುವಾದಾಗ ಸಹಿ ಹಾಕಬೇಕಾದವರು ಈಗ ಐದನೇ ಸೆಮಿಸ್ಟರಿನಲ್ಲಿ ಮಣ್ಣಿನ ಲ್ಯಾಬಿನಲ್ಲಿದ್ದಾರೆ. ಹೈಡ್ರೊಮೀಟರ್ ಪ್ರಯೋಗಕ್ಕೆ ಈ ಗುಡ್ಡದ ಮಾದರಿಯನ್ನು ಎಚ್ಚರದಿಂದ, ಕೈಗವಸು ಹಾಕಿ ತರಿಸಬಹುದು; ಪಠ್ಯಕ್ರಮದಲ್ಲಿ ಯಾವ ಬದಲಾವಣೆಯೂ ಬೇಡ.